ಬೆಳಕು ಬಿದ್ದ ಮೇಲಿನ ನಲವತ್ತು ನಿಮಿಷ

ಪಾಲಿಮರ್ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮುಗಿಯುತ್ತಾ ಬಂದಿದೆ, ಚಿಪ್ ತಯಾರಿಕೆಯಲ್ಲಿ ಬಳಸುವ, ಬೆಳಕಿಗೆ ಸ್ಪಂದಿಸುವ ಲೇಪವಾದ ಫೋಟೊರೆಸಿಸ್ಟಿನ ಸಂಶೋಧನೆಗೆ ಕರೆ ಬಂದಿದೆ, ರಸಾಯನಶಾಸ್ತ್ರದಲ್ಲೇ ಉಳಿಯಲೇ ಅಥವಾ ಸೆಮಿಕಂಡಕ್ಟರ್ ಕಡೆಗೆ ಹೊರಳಲೇ ಎಂದು ಕೇಳಿದ್ದೀರಿ. ಹೊರಳಿದರೆ ಕಲಿತದ್ದೆಲ್ಲ ನೀರುಪಾಲಾದೀತು ಎಂಬ ಅಂಜಿಕೆಯೂ ನಿಮ್ಮ ಮಾತಿನಲ್ಲಿದೆ. ಆ ಅಂಜಿಕೆ ನನಗೆ ಚೆನ್ನಾಗಿ ಗೊತ್ತು. ಅದನ್ನು ಎದೆಯಲ್ಲಿಟ್ಟುಕೊಂಡೇ ನಾನು ಈ ಕೆಲಸಕ್ಕೆ ಕೈಹಾಕಿದೆ, ಅದರಿಂದಲೇ ಎಂಟು ತಿಂಗಳು ಕಳೆದುಕೊಂಡೆ. ಕಳೆದದ್ದು ನನ್ನದು ಮಾತ್ರವಾಗಿದ್ದರೆ ಇಷ್ಟು ಉದ್ದಕ್ಕೆ ಬರೆಯುತ್ತಿರಲಿಲ್ಲ.

2012ರ ಮಳೆಗಾಲ. ಬೆಂಗಳೂರಿನ ಒಂದು ಸಂಸ್ಥೆ. ರಸಾಯನಶಾಸ್ತ್ರ ವಿಭಾಗ ಆವರಣದ ಒಂದು ತುದಿಯಲ್ಲಿ, ಚಿಪ್ ಕೆಲಸಕ್ಕೆಂದು ಗಾಳಿಯನ್ನು ದೂಳಿಲ್ಲದಂತೆ ಸೋಸಿದ ಕೋಣೆ, ಅಂದರೆ ಕ್ಲೀನ್‌ರೂಮ್, ಇನ್ನೊಂದು ತುದಿಯಲ್ಲಿ. ನಡುವೆ ಮಳೆಮರಗಳ ಸಾಲು, ಒಂದು ಕ್ಯಾಂಟೀನು. ನನ್ನ ಪಾಲಿಮರುಗಳು ಈ ತುದಿಯಲ್ಲಿ ಹುಟ್ಟುತ್ತಿದ್ದವು, ಆ ತುದಿಯಲ್ಲಿ ಪರೀಕ್ಷೆಗೆ ಒಳಗಾಗುತ್ತಿದ್ದವು. ನಾನು ಮಾತ್ರ ಮನಸ್ಸಿನಲ್ಲಿ ಈ ತುದಿಯಲ್ಲೇ ಉಳಿದಿದ್ದೆ. ನನ್ನನ್ನು ನಾನು ರಸಾಯನಶಾಸ್ತ್ರಜ್ಞ ಎಂದು ಕರೆದುಕೊಳ್ಳುತ್ತಿದ್ದೆ. ಕ್ಲೀನ್‌ರೂಮಿನಲ್ಲಿ ನಡೆಯುವುದು ಎಂಜಿನಿಯರುಗಳ ಕೆಲಸ, ನಾನು ಅಲ್ಲಿಗೆ ಹೋಗುವುದು ಅಂಕಪಟ್ಟಿ ತರುವುದಕ್ಕೆ ಎಂಬುದು ನನ್ನ ಆಗಿನ ತಿಳಿವಳಿಕೆ.

ಬೇರೆಯವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಕೆಲಸದ ಬಗ್ಗೆ ಎರಡು ಮಾತು. ನಾನು ಮಾಡುತ್ತಿದ್ದದ್ದು ಪಾಲಿಹೈಡ್ರಾಕ್ಸಿಸ್ಟೈರೀನ್ ಬೆನ್ನೆಲುಬಿನ ಪಾಲಿಮರ್. ಅದರ ಫೀನಾಲ್ ಗುಂಪುಗಳ ಮೇಲೆ ಟಿ-ಬಾಕ್ ಎಂಬ ಗುಂಪನ್ನು ಮುಚ್ಚಳದಂತೆ ಕೂರಿಸಿರುತ್ತೇವೆ. ಮುಚ್ಚಳ ಇರುವವರೆಗೆ ಅದು ಕ್ಷಾರದ ನೀರಿನಲ್ಲಿ ಕರಗದು. ಬೆಳಕು ಬಿದ್ದರೆ ಆಮ್ಲ ಬಿಡುವ ಒಂದು ಲವಣವನ್ನು ಇದಕ್ಕೆ ಬೆರೆಸಿ, ವೇಫರ್ ಎಂಬ ಸಿಲಿಕಾನಿನ ತೆಳು ಬಿಲ್ಲೆಯ ಮೇಲೆ ಒಂದು ಮೈಕ್ರೊಮೀಟರಿಗಿಂತ ತೆಳುವಾದ ಪದರವಾಗಿ ಹರಡುತ್ತೇವೆ. ಗೆರೆಗಳ ಚಿತ್ರವಿರುವ ಫಲಕದ, ಅಂದರೆ ಮಾಸ್ಕಿನ ಮೂಲಕ ಬೆಳಕು ಬಿಟ್ಟರೆ, ಬಿದ್ದಲ್ಲಿ ಮಾತ್ರ ಚೂರೇ ಚೂರು ಆಮ್ಲ ಹುಟ್ಟುತ್ತದೆ. ಆಮೇಲೆ ವೇಫರನ್ನು ಹಾಟ್‌ಪ್ಲೇಟಿನ ಮೇಲೆ ಕಾಯಿಸಿದಾಗ ಆ ಆಮ್ಲ ಒಂದು ಮುಚ್ಚಳವನ್ನು ಕಿತ್ತು ಕಾರ್ಬನ್ ಡೈಆಕ್ಸೈಡ್ ಮತ್ತು ಐಸೊಬ್ಯುಟೀನ್ ಆಗಿ ಹಾರಿಸುತ್ತದೆ. ತಾನು ಖರ್ಚಾಗದೆ ಮುಂದಿನ ಮುಚ್ಚಳಕ್ಕೆ ಹೋಗುತ್ತದೆ, ಅಲ್ಲಿಂದ ಅದರ ಮುಂದಿನದಕ್ಕೆ. ಒಂದು ಚಮಚ ಹೆಪ್ಪು ಇಡೀ ಪಾತ್ರೆಯ ಹಾಲನ್ನು ಮೊಸರು ಮಾಡುವ ಹಾಗೆ. ಹೀಗೆ ಮುಚ್ಚಳ ಕಳಚಿಕೊಂಡ ಭಾಗ ಕ್ಷಾರದಲ್ಲಿ ಕರಗಿಹೋಗಿ, ಉಳಿದದ್ದು ಗೆರೆಗಳಾಗಿ ನಿಲ್ಲುತ್ತದೆ. ಇದನ್ನು ರಾಸಾಯನಿಕ ವರ್ಧನೆ ಎನ್ನುತ್ತಾರೆ.

ಇದನ್ನು ಕಂಡುಹಿಡಿದವರು ಯಾರು ಎಂಬುದನ್ನು ನೀವು ಒಮ್ಮೆ ಗಮನಿಸಬೇಕು. 1980ರ ಸುಮಾರಿಗೆ ಚಿಪ್ಪಿನ ಗೆರೆಗಳನ್ನು ಇನ್ನೂ ಕಿರಿದು ಮಾಡಬೇಕೆಂದರೆ 436, 365 ನ್ಯಾನೊಮೀಟರ್ ಬೆಳಕು ಬಿಟ್ಟು 248ರ ಹತ್ತಿರಕ್ಕೆ ಇಳಿಯಬೇಕಿತ್ತು. ಅಲ್ಲಿ ಪಾದರಸದ ದೀಪ ಕೊಡುವ ಬೆಳಕು ತೀರಾ ಕಡಿಮೆ. ಇದ್ದ ಬೆಳಕನ್ನೂ ಆಗ ಬಳಕೆಯಲ್ಲಿದ್ದ ನೊವೊಲಾಕ್ ಎಂಬ ರಾಳದ ರೆಸಿಸ್ಟ್ ಮೇಲ್ಪದರದಲ್ಲೇ ಹೀರಿಕೊಳ್ಳುತ್ತಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಐಬಿಎಂ ಪ್ರಯೋಗಾಲಯದಲ್ಲಿ ದಾರಿ ತೋರಿಸಿದ ಮೂವರು ಹಿರೋಷಿ ಇಟೊ, ಗ್ರಾಂಟ್ ವಿಲ್ಸನ್, ಝಾನ್ ಫ್ರೆಶೆ. ಮೂವರೂ ರಸಾಯನಶಾಸ್ತ್ರಜ್ಞರು. ಫ್ರೆಶೆ ಕೆನಡಾದ ಆಟವಾ ವಿಶ್ವವಿದ್ಯಾಲಯದಿಂದ ಬಂದು ಸೇರಿಕೊಂಡವರು. ಟಿ-ಬಾಕ್ ಗುಂಪು ಪೆಪ್ಟೈಡ್ ಕಟ್ಟುವವರ ಕೈಯಲ್ಲಿ ಮೊದಲಿಂದಲೂ ಇದ್ದ ಸಲಕರಣೆ. ಬೆಳಕಿಗೆ ಆಮ್ಲ ಬಿಡುವ ಓನಿಯಂ ಲವಣಗಳು ಜನರಲ್ ಎಲೆಕ್ಟ್ರಿಕ್‌ನಲ್ಲಿ ಜೇಮ್ಸ್ ಕ್ರಿವೆಲ್ಲೊ ಮಾಡಿದ ಕೆಲಸದಿಂದ ಬಂದವು. ಎರಡನ್ನೂ ಕೂಡಿಸಿದ್ದಕ್ಕೆ 1985ರಲ್ಲಿ ಪೇಟೆಂಟ್ ಸಿಕ್ಕಿತು, 1 ಮೆಗಾಬಿಟ್ ಡಿರ್ಯಾಮ್ ಎಂಬ ಮೆಮೊರಿ ಚಿಪ್ಪಿನ ತಯಾರಿಕೆಗೆ ಅದು ಬಳಕೆಯಾಯಿತು. ವಿಲ್ಸನ್ ಮತ್ತು ಫ್ರೆಶೆಯವರಿಗೆ 2013ರಲ್ಲಿ ಜಪಾನ್ ಪ್ರಶಸ್ತಿ ಬಂತು. ಇಟೊ ಅದಕ್ಕೂ ಮುಂಚೆ, 2009ರಲ್ಲಿ ತೀರಿಕೊಂಡಿದ್ದರು. ಆ ಪಟ್ಟಿಯಲ್ಲಿ ಅವರ ಹೆಸರು ಇಲ್ಲದ್ದನ್ನು ನೋಡಿದಾಗ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಈ ಮೂವರಲ್ಲಿ ಒಬ್ಬರಾದರೂ ರಸಾಯನಶಾಸ್ತ್ರ ಬಿಟ್ಟು ಬೇರೆಡೆಗೆ ಹೊರಳಿದರು ಎಂದು ನಿಮಗೆ ಅನ್ನಿಸುತ್ತದೆಯೇ?

ಈಗ ನನ್ನ ತಪ್ಪು. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ.

ನನ್ನ ಪ್ರಯೋಗದ ಪುಸ್ತಕದಲ್ಲಿ ಪ್ರತಿ ವೇಫರಿಗೂ ಒಂದು ಸಾಲು ಇರುತ್ತಿತ್ತು. ಪಾಲಿಮರಿನ ಬ್ಯಾಚ್, ಅಣುತೂಕ, ಎಷ್ಟು ಶೇಕಡಾ ಮುಚ್ಚಳ, ಆಮ್ಲದ ಲವಣ ಎಷ್ಟು, ರೆಸಿಸ್ಟ್ ಹರಡಲು ವೇಫರನ್ನು ತಿರುಗಿಸುವ ಸ್ಪಿನ್ನರಿನ ವೇಗ, ಮೊದಲ ಕಾಯಿಸುವಿಕೆಯ ಉಷ್ಣತೆ, ಬೆಳಕಿನ ಪ್ರಮಾಣ, ಬೆಳಕಿನ ನಂತರದ ಕಾಯಿಸುವಿಕೆಯ ಉಷ್ಣತೆ ಮತ್ತು ಅವಧಿ, ಡೆವಲಪರಿನಲ್ಲಿ, ಅಂದರೆ ಕರಗಿಸುವ ಕ್ಷಾರದಲ್ಲಿ, ಇಟ್ಟ ಸೆಕೆಂಡುಗಳು. ಒಂಬತ್ತು ಖಾನೆಗಳು. ಇಷ್ಟು ಅಚ್ಚುಕಟ್ಟಾದ ಪುಸ್ತಕ ವಿಭಾಗದಲ್ಲೇ ಇಲ್ಲ ಎಂದು ನಮ್ಮ ಮಾರ್ಗದರ್ಶಕರು ಇತರರಿಗೆ ತೋರಿಸುತ್ತಿದ್ದರು. ಅದರಲ್ಲಿ ಹತ್ತನೆಯ ಖಾನೆ ಇರಲಿಲ್ಲ. ಬೆಳಕು ಬಿದ್ದದ್ದಕ್ಕೂ ಹಾಟ್‌ಪ್ಲೇಟಿಗೆ ಇಟ್ಟದ್ದಕ್ಕೂ ನಡುವೆ ವೇಫರ್ ಎಷ್ಟು ಹೊತ್ತು, ಎಲ್ಲಿ ಕಾದಿತ್ತು ಎಂಬ ಖಾನೆ.

ಏಕೆ ಇರಲಿಲ್ಲ? ನನ್ನ ಲೆಕ್ಕದಲ್ಲಿ ಆ ಹೊತ್ತಿನಲ್ಲಿ ಏನೂ ನಡೆಯುತ್ತಿರಲಿಲ್ಲ. ಫ್ಲಾಸ್ಕಿನಲ್ಲಿ ನಡೆಯುವುದು ರಸಾಯನಶಾಸ್ತ್ರ, ಹಾಟ್‌ಪ್ಲೇಟಿನ ಮೇಲೆ ನಡೆಯುವುದು ರಸಾಯನಶಾಸ್ತ್ರ. ಡಬ್ಬಿಯಲ್ಲಿ ಸುಮ್ಮನೆ ನಿಂತಿರುವ ವೇಫರ್ ನನಗೆ ಒಂದು ವಸ್ತು ಅಷ್ಟೆ.

ಮಾಸ್ಕ್ ಅಲೈನರ್ ಯಂತ್ರ ನನಗೆ ಸಿಗುತ್ತಿದ್ದದ್ದು ವಾರಕ್ಕೆ ಎರಡು ಸಲ, ಒಂದೊಂದು ಗಂಟೆ. ಒಂದು ಸರದಿಯಲ್ಲಿ ಆರು ವೇಫರ್ ಮಾಡುತ್ತಿದ್ದೆ. ಹೊಸ ಪಾಲಿಮರಿನ ಮೇಲೆ ಆಸೆ ಹೆಚ್ಚು, ಆದ್ದರಿಂದ ಅದನ್ನು ಯಾವಾಗಲೂ ಮೊದಲು ಇಡುತ್ತಿದ್ದೆ. ಸರದಿಯ ಹೊತ್ತು ಮುಗಿದುಹೋದರೆ ಅದಾದರೂ ಆಗಿರಲಿ ಎಂದು. ಹೋಲಿಕೆಗಾಗಿ ಇಟ್ಟುಕೊಂಡಿದ್ದ ಹಳೆಯ ಪಾಲಿಮರ್ ಕೊನೆಗೆ. ಒಂದು ವೇಫರನ್ನು ಮಾಸ್ಕಿಗೆ ಹೊಂದಿಸಿ ಬೆಳಕು ಕೊಡಲು ಐದು ನಿಮಿಷ. ಮುಗಿದದ್ದನ್ನು ಡಬ್ಬಿಯ ಖಾನೆಗೆ ಸೇರಿಸಿ ಮುಂದಿನದು. ಆರನೆಯದು ಮುಗಿದಾಗ ಅದು ಚಿಮುಟದಲ್ಲೇ ಇರುತ್ತಿತ್ತು, ಅದನ್ನೇ ನೇರವಾಗಿ ಹಾಟ್‌ಪ್ಲೇಟಿಗೆ ಇಡುತ್ತಿದ್ದೆ. ಆಮೇಲೆ ಐದನೆಯದು, ನಾಲ್ಕನೆಯದು, ಹೀಗೆ ಹಿಂದಿನಿಂದ ಮುಂದಕ್ಕೆ. ಒಂದೊಂದಕ್ಕೆ ಮೂರು ನಿಮಿಷ. ಲೆಕ್ಕ ಹಾಕಿ ನೋಡಿ: ಮೊದಲ ವೇಫರ್ ಡಬ್ಬಿಗೆ ಹೋದ ಮೇಲೆ ಉಳಿದ ಐದಕ್ಕೆ ಬೆಳಕು ಕೊಡಲು ಇಪ್ಪತ್ತೈದು ನಿಮಿಷ, ಆ ಐದನ್ನು ಕಾಯಿಸಲು ಹದಿನೈದು. ನಾನು ಅತಿ ಹೆಚ್ಚು ಆಸೆ ಇಟ್ಟ ಪಾಲಿಮರ್ ಪ್ರತಿ ಸಲವೂ ನಲವತ್ತು ನಿಮಿಷ ಕಾಯುತ್ತಿತ್ತು. ಹಳೆಯ ಪಾಲಿಮರ್ ಒಂದು ನಿಮಿಷವೂ ಕಾಯುತ್ತಿರಲಿಲ್ಲ.

ಇನ್ನು ಆ ಡಬ್ಬಿ. ರೆಸಿಸ್ಟ್ ಹಚ್ಚುವ ಮೊದಲು ಸಿಲಿಕಾನಿಗೆ ಅದು ಚೆನ್ನಾಗಿ ಅಂಟಲಿ ಎಂದು ಎಚ್‌ಎಂಡಿಎಸ್ ಎಂಬ ಸಿಲಿಕಾನ್ ಸಂಯುಕ್ತದ ಆವಿ ಕೊಡುತ್ತೇವೆ. ಎಚ್‌ಎಂಡಿಎಸ್‌ನ ಒಂದು ಅಣು ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳೊಂದಿಗೆ ಕೂಡಿದಾಗ ಒಂದು ಅಣು ಅಮೋನಿಯಾ ಹೊರಬರುತ್ತದೆ. ಎರಡನೆಯ ವರ್ಷದ ವಿದ್ಯಾರ್ಥಿಯೂ ಬರೆಯಬಲ್ಲ ಸಮೀಕರಣ. ನಾನು ಆವಿ ಕೊಟ್ಟ ವೇಫರುಗಳನ್ನು ಬಿಸಿ ಆರುವ ಮೊದಲೇ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು ಮುಚ್ಚುತ್ತಿದ್ದೆ. ಬೆಳಕು ಬಿದ್ದ ವೇಫರುಗಳು ಕಾಯುತ್ತಿದ್ದದ್ದೂ ಅದೇ ಡಬ್ಬಿಯಲ್ಲಿ. ಅದನ್ನು ತೆರೆದಾಗ ಮೂಗಿಗೆ ಬರುತ್ತಿದ್ದ ಸಣ್ಣ ಘಾಟು ನನಗೆ ಇಂದಿಗೂ ನೆನಪಿದೆ. ಅಮೋನಿಯಾ ಕ್ಷಾರ. ನನ್ನ ಪದರದ ಮೇಲ್ಮೈಯಲ್ಲಿ ಹುಟ್ಟಿ, ಕಾಯಿಸುವುದಕ್ಕಾಗಿ ಕಾದಿದ್ದ ಒಂದಿಷ್ಟು ಆಮ್ಲವನ್ನು ಅದು ಕೂತಲ್ಲೇ ಮುಗಿಸುತ್ತಿತ್ತು. ಒಂದು ಆಮ್ಲದ ಅಣು ಹೋಯಿತೆಂದರೆ ಅದು ಕೀಳಬೇಕಾಗಿದ್ದ ನೂರಾರು ಮುಚ್ಚಳಗಳೂ ಉಳಿದುಹೋದವು ಎಂದರ್ಥ. ವರ್ಧನೆ ಎಷ್ಟು ದೊಡ್ಡದೋ ನಷ್ಟವೂ ಅಷ್ಟೇ ದೊಡ್ಡದು. ಗಾಳಿಯಲ್ಲಿ ಶತಕೋಟಿಗೆ ಕೆಲವು ಭಾಗ ಕ್ಷಾರವಿದ್ದರೂ ಇಂತಹ ರೆಸಿಸ್ಟಿಗೆ ಸಾಕು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಡ್ಡಕೊಯ್ತ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಗೋಡೆಯಂತೆ ನೆಟ್ಟಗೆ ನಿಲ್ಲಬೇಕಾದ ಗೆರೆಗಳ ತಲೆ ಎರಡೂ ಕಡೆಗೆ ಚಾಚಿಕೊಂಡಿರುತ್ತದೆ. ತೊಟ್ಟಿ ಮನೆಯ ಕಂಬದ ಮೇಲೆ ಬೋದಿಗೆ ಕೂರಿಸಿದ ಹಾಗೆ. ಇಂಗ್ಲಿಷ್ ಅಕ್ಷರ ಟಿಯನ್ನು ಹೋಲುವುದರಿಂದ ಕ್ಷೇತ್ರದವರು ಇದನ್ನು ಟಿ-ಟಾಪಿಂಗ್ ಎನ್ನುತ್ತಾರೆ. ಎಂಟು ತಿಂಗಳು ನಾನು ಹೊಸ ಪಾಲಿಮರುಗಳಲ್ಲೆಲ್ಲ ಬೋದಿಗೆಗಳನ್ನು ನೋಡಿದೆ, ಹಳೆಯದರಲ್ಲಿ ನೆಟ್ಟನೆಯ ಗೋಡೆಗಳನ್ನು ನೋಡಿದೆ. ನೋಡಿ ಏನು ತೀರ್ಮಾನಿಸಿದೆ? ಪಾಲಿಮರ್ ಸರಿಯಿಲ್ಲ ಎಂದು. ನಾನು ರಸಾಯನಶಾಸ್ತ್ರಜ್ಞನಲ್ಲವೇ, ದೋಷ ಅಣುವಿನಲ್ಲೇ ಇರಬೇಕು. ಇಪ್ಪತ್ಮೂರು ಬ್ಯಾಚ್ ಮಾಡಿದೆ. ಅಣುತೂಕ ಬದಲಿಸಿದೆ, ಮುಚ್ಚಳದ ಪ್ರಮಾಣ ಬದಲಿಸಿದೆ, ಲವಣ ಬದಲಿಸಿದೆ.

ಆಗ ನನ್ನ ಕೈಕೆಳಗೆ ಎಂ.ಎಸ್ಸಿ. ಯೋಜನೆ ಮಾಡಲು ಬಂದ ಹುಡುಗಿಯೊಬ್ಬಳಿದ್ದಳು. ಪಾಲಿಮರ್ ಕಟ್ಟಲು ಬೇಕಾದ ಬಿಡಿ ಅಣು, ಅಂದರೆ ಮಾನೊಮರ್ ಶುದ್ಧೀಕರಿಸುವ ಕೆಲಸ ಅವಳದು. ನಿನ್ನ ಮಾನೊಮರಿನಲ್ಲಿ ಅಮೀನ್ ಎಂಬ ಕ್ಷಾರದ ಕಶ್ಮಲ ಉಳಿಯುತ್ತಿದೆ, ಅದೇ ನನ್ನ ಆಮ್ಲವನ್ನು ತಿನ್ನುತ್ತಿದೆ ಎಂದು ಅವಳಿಗೆ ಎಲ್ಲರೆದುರು ಹೇಳಿದೆ. ಅವಳು ಕಶ್ಮಲವನ್ನು ಪತ್ತೆ ಮಾಡುವ ಎನ್‌ಎಂಆರ್ ಪರೀಕ್ಷೆಯ ಹಾಳೆ ತಂದು ತೋರಿಸಿದಳು, ಏನೂ ಇರಲಿಲ್ಲ. ಎನ್‌ಎಂಆರ್‌ಗೆ ಕಾಣದಷ್ಟು ಕಡಿಮೆ ಇರಬಹುದು ಎಂದೆ. ಅವಳು ಮಾಡಿದ ನಾಲ್ಕನೆಯ ಬ್ಯಾಚನ್ನು ಎಸೆಯಲು ಹೇಳಿದೆ. ಕ್ಷಾರವೇ ಕಾರಣ ಎಂಬ ಊಹೆ ಸರಿಯಾಗಿತ್ತು ಎಂಬುದನ್ನು ಗಮನಿಸಿ. ಕ್ಷಾರ ನಿಜವಾಗಿಯೂ ಇತ್ತು. ಅದು ಅವಳ ಫ್ಲಾಸ್ಕಿನಲ್ಲಿರಲಿಲ್ಲ, ನನ್ನ ಡಬ್ಬಿಯಲ್ಲಿತ್ತು. ಸೆಮಿಸ್ಟರ್ ಮುಗಿದ ಮೇಲೆ ಅವಳು ಪಿಎಚ್‌.ಡಿ.ಗೆ ಅರ್ಜಿ ಹಾಕಲಿಲ್ಲ.

ಸತ್ಯವನ್ನು ನನಗೆ ಹೇಳಿದವರು ಕ್ಲೀನ್‌ರೂಮಿನ ತಂತ್ರಜ್ಞರೊಬ್ಬರು. ತುಮಕೂರಿನ ಕಡೆಯವರು, ಡಿಪ್ಲೊಮಾ ಓದಿದವರು, ನನಗಿಂತ ಐದಾರು ವರ್ಷ ದೊಡ್ಡವರು. ಬಿಳಿ ಉಡುಪು ಕಳಚುವ ಕೋಣೆಯಲ್ಲಿ ಒಂದು ಸಂಜೆ ಕೇಳಿದರು:

“ಸರ್, ತಪ್ಪು ತಿಳಿಯಬೇಡಿ. ಹೊಸ ಪಾಲಿಮರನ್ನು ಯಾವಾಗಲೂ ಮೊದಲನೆಯ ಖಾನೆಯಲ್ಲೇ ಇಡುತ್ತೀರಲ್ಲ, ಏಕೆ?”

“ಅದು ಮುಖ್ಯವಾದದ್ದು, ಅದಕ್ಕೆ.”

“ಅದು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತಿರುತ್ತದೆ ಸರ್. ಅದೂ ಎಚ್‌ಎಂಡಿಎಸ್ ಡಬ್ಬಿಯಲ್ಲಿ. ಒಂದು ಸಲ ಹಿಂದುಮುಂದು ಮಾಡಿ ನೋಡಿ.”

ನಾನು ಮಾತಾಡಲಿಲ್ಲ. ಅವರು ಮೂರು ತಿಂಗಳಿಂದ ಇದನ್ನು ಗಮನಿಸಿದ್ದರಂತೆ. ಪಿಎಚ್‌.ಡಿ. ಮಾಡುವವರು, ಗೊತ್ತಿದ್ದೇ ಮಾಡುತ್ತಿರಬಹುದು ಎಂದು ಸುಮ್ಮನಿದ್ದರಂತೆ. ನಾನು ಮೂರು ತಿಂಗಳಲ್ಲಿ ಅವರನ್ನು ಯಂತ್ರದ ಸರದಿಯ ಬಗ್ಗೆ ಬಿಟ್ಟು ಬೇರೆ ಏನನ್ನೂ ಕೇಳಿರಲಿಲ್ಲ.

ಮುಂದಿನ ಸರದಿಯಲ್ಲಿ ಹಳೆಯ ಪಾಲಿಮರನ್ನು ಮೊದಲು ಇಟ್ಟೆ, ಹೊಸದನ್ನು ಕೊನೆಗೆ. ಉಳಿದದ್ದೆಲ್ಲ ಮೊದಲಿನಂತೆಯೇ, ಅದೇ ಡಬ್ಬಿ. ಮರುದಿನ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಎಂಟು ತಿಂಗಳು ನೆಟ್ಟಗೆ ನಿಂತಿದ್ದ ಹಳೆಯ ಪಾಲಿಮರಿನ ತಲೆಯ ಮೇಲೆ ಬೋದಿಗೆ ಬಂದಿತ್ತು. ಹೊಸದರ ಗೆರೆಗಳು ನೆಟ್ಟಗೆ, ಚೂಪಾದ ಅಂಚಿನೊಂದಿಗೆ ನಿಂತಿದ್ದವು. ಆ ಚಿತ್ರ ಇನ್ನೂ ನನ್ನ ಬಳಿ ಇದೆ. ಆಮೇಲೆ ಆ ಹುಡುಗಿಯ ಟಿಪ್ಪಣಿಯನ್ನೇ ಹಿಡಿದು ನಾಲ್ಕನೆಯ ಬ್ಯಾಚನ್ನು ಮತ್ತೆ ಮಾಡಿದೆ, ಬೆಳಕು ಬಿದ್ದ ತಕ್ಷಣ ಕಾಯಿಸಿದೆ. ಇಪ್ಪತ್ಮೂರರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅದೇ ಆಗಿತ್ತು. ಆದರೆ ನಮ್ಮ ಯೋಜನೆಗೆ ಹಣ ಕೊಡುತ್ತಿದ್ದ ಕಂಪನಿ ಫಲಿತಾಂಶ ಕಾಣದೆ ಆ ಮಾರ್ಚಿನಲ್ಲೇ ಕೈಬಿಟ್ಟಿತ್ತು. ಪ್ರಬಂಧದಿಂದ ಒಂದು ಅಧ್ಯಾಯ ಹೋಯಿತು. ಅವಳಿಗೆ ಪತ್ರ ಬರೆದು ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. “ತಿಳಿಸಿದ್ದಕ್ಕೆ ಧನ್ಯವಾದ ಸರ್, ನನ್ನ ಮಾನೊಮರ್ ಶುದ್ಧವಾಗಿತ್ತು ಎಂದು ನನಗೆ ಗೊತ್ತಿತ್ತು” ಎಂದು ಒಂದು ಸಾಲು ಬಂತು. ಆ ಹೊತ್ತಿಗೆ ಅವಳು ಬ್ಯಾಂಕಿನ ಕೆಲಸಕ್ಕೆ ಸೇರಿಯಾಗಿತ್ತು.

ನನ್ನನ್ನು ಇನ್ನೂ ಚುಚ್ಚುವ ಸಂಗತಿ ಬೇರೆಯೇ ಇದೆ. ಇದೆಲ್ಲ ಆಗಲೇ ಅಚ್ಚಾಗಿತ್ತು. ಗಾಳಿಯಲ್ಲಿನ ಅತ್ಯಲ್ಪ ಕ್ಷಾರ ಇಂತಹ ರೆಸಿಸ್ಟನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಐಬಿಎಂನವರು 1991ರಲ್ಲೇ ಪ್ರಕಟಿಸಿದ್ದರು. ಕಾರ್ಖಾನೆಗಳು ಗಾಳಿಯನ್ನು ಸಕ್ರಿಯ ಇದ್ದಿಲಿನ ಮೂಲಕ ಸೋಸಲು ತೊಡಗಿದ್ದು, ರೆಸಿಸ್ಟ್ ಹಚ್ಚಿ ಕಾಯಿಸುವ ಯಂತ್ರವನ್ನು ಬೆಳಕಿನ ಯಂತ್ರಕ್ಕೆ ಅಂಟಿಸಿಯೇ ಇಡುವುದು, ಎಲ್ಲ ಇದಕ್ಕಾಗಿ. ಇಟೊ ಅವರಂತೂ ಇನ್ನೂ ಮುಂದೆ ಹೋದರು. ಪದರವನ್ನು ಮೊದಲೇ ಹೆಚ್ಚು ಉಷ್ಣತೆಯಲ್ಲಿ, ಪಾಲಿಮರಿನ ಗಾಜು-ಸ್ಥಿತಿಯ ಉಷ್ಣತೆಗಿಂತ, ಅಂದರೆ ಗಡುಸಾದ ಪಾಲಿಮರ್ ಮೆದುವಾಗುವ ಉಷ್ಣತೆಗಿಂತ, ಮೇಲೆ ಕಾಯಿಸಿದರೆ ಸರಪಳಿಗಳ ನಡುವಿನ ಖಾಲಿ ಜಾಗ ಕುಗ್ಗಿ ಕ್ಷಾರಕ್ಕೆ ಒಳಗೆ ನುಗ್ಗಲು ದಾರಿ ಇರುವುದಿಲ್ಲ ಎಂದು ತೋರಿಸಿ, ಆ ಕಾವನ್ನು ತಡೆಯಬಲ್ಲ ಪಾಲಿಮರನ್ನೇ ಕಟ್ಟಿದರು. ಕ್ಲೀನ್‌ರೂಮಿನ ಗಾಳಿಯ ತೊಂದರೆಗೆ ಪಾಲಿಮರ್ ರಸಾಯನಶಾಸ್ತ್ರದಿಂದಲೇ ಬಂದ ಉತ್ತರ ಅದು. ನಾನು ಓದಿರಲಿಲ್ಲ. ಪಾಲಿಮರಿನ ಪತ್ರಿಕೆಗಳನ್ನು ತಪ್ಪದೆ ಓದುತ್ತಿದ್ದೆ, ಲಿಥೊಗ್ರಫಿ, ಅಂದರೆ ಬೆಳಕಿನಿಂದ ಗೆರೆ ಮೂಡಿಸುವ ವಿದ್ಯೆಯ ಸಮ್ಮೇಳನದ ಸಂಪುಟಗಳು ಎಂಜಿನಿಯರುಗಳಿಗೆ ಎಂದು ಬಿಟ್ಟಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಉಳಿಯಲೇ ಹೊರಳಲೇ ಎಂದು ಕೇಳಿಕೊಳ್ಳುವವರು ನಾನು ಕಾಲಿಟ್ಟಲ್ಲೇ ಕಾಲಿಡುತ್ತಾರೆ. ಫೋಟೊರೆಸಿಸ್ಟ್ ಕೆಲಸದಲ್ಲಿ ಆಚೆ ದಡ, ಈಚೆ ದಡ ಎಂಬುದಿಲ್ಲ. 2019ರ ಆರಂಭದಲ್ಲಿ ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯ ಕಾರ್ಖಾನೆಯಲ್ಲಿ ರಾಶಿ ವೇಫರುಗಳು ಹಾಳಾದವು. ಹೊರಗಿನಿಂದ ಬಂದ ಒಂದು ಬ್ಯಾಚ್ ಫೋಟೊರೆಸಿಸ್ಟಿನಲ್ಲಿ ಬೇಡದ ಪಾಲಿಮರ್ ಸೇರಿಕೊಂಡಿದ್ದದ್ದು ಕಾರಣ. ಆ ತ್ರೈಮಾಸಿಕದ ವರಮಾನದಲ್ಲಿ ಸುಮಾರು 55 ಕೋಟಿ ಡಾಲರ್ ಕೊರತೆಯಾಗುತ್ತದೆ ಎಂದು ಕಂಪನಿಯೇ ಹೇಳಿತು. ಅದೇ ವರ್ಷದ ಜುಲೈನಲ್ಲಿ ಜಪಾನ್ ದಕ್ಷಿಣ ಕೊರಿಯಾಕ್ಕೆ ಮೂರು ಸಾಮಗ್ರಿಗಳ ರಫ್ತನ್ನು ಬಿಗಿಗೊಳಿಸಿದಾಗ ಅದರಲ್ಲಿ ಫೋಟೊರೆಸಿಸ್ಟ್ ಒಂದು. ಇಲ್ಲಿ ನಿಮ್ಮ ವಿದ್ಯೆ ವ್ಯರ್ಥವಾಗುತ್ತದೆಯೇ ಎಂದು ಕೇಳುತ್ತೀರಲ್ಲ!

ತೀವ್ರ ನೇರಳಾತೀತ ಬೆಳಕಿಗೆ, ಅಂದರೆ 13.5 ನ್ಯಾನೊಮೀಟರಿಗೆ ಬಂದ ಮೇಲಂತೂ ರಸಾಯನಶಾಸ್ತ್ರಜ್ಞರ ಹೊಣೆ ಇನ್ನೂ ಹೆಚ್ಚಿದೆ. ಅಲ್ಲಿ ಒಂದೊಂದು ಫೋಟಾನಿನ ಶಕ್ತಿ 92 ಎಲೆಕ್ಟ್ರಾನ್ ವೋಲ್ಟ್, 193 ನ್ಯಾನೊಮೀಟರಿನ ಫೋಟಾನಿಗಿಂತ ಹದಿನಾಲ್ಕು ಪಟ್ಟು. ಅಷ್ಟೇ ಶಕ್ತಿ ಸುರಿದರೆ ಫೋಟಾನುಗಳು ಹದಿನಾಲ್ಕರಲ್ಲಿ ಒಂದು ಭಾಗ ಮಾತ್ರ. ತುಂತುರು ಮಳೆಯ ಮೊದಲ ಹನಿಗಳು ಅಂಗಳವನ್ನು ಸಮನಾಗಿ ನೆನೆಸುವುದಿಲ್ಲವಲ್ಲ, ಹಾಗೆ. ಗೆರೆಯ ಅಂಚು ಒರಟಾಗುತ್ತದೆ. ಆಮ್ಲ ಹೆಚ್ಚು ದೂರ ಹರಿದರೆ ಗೆರೆ ಮಸುಕಾಗುತ್ತದೆ, ಕಡಿಮೆ ಹರಿದರೆ ಬೆಳಕು ಹೆಚ್ಚು ಬೇಕಾಗುತ್ತದೆ. ತವರದ ಆಕ್ಸೈಡ್ ಆಧಾರಿತ ರೆಸಿಸ್ಟುಗಳು ಬಂದಿರುವುದು ಈ ಇಕ್ಕಟ್ಟಿನಿಂದ. ನಮ್ಮಲ್ಲೂ ಐಐಟಿ ಮಂಡಿಯಂತಹ ಕಡೆ ಇಂತಹ ರೆಸಿಸ್ಟುಗಳ ಮೇಲೆ ಕೆಲಸ ನಡೆದಿದೆ.

ಸಂಬಳ, ಊರು, ಹುದ್ದೆಯ ಬಗ್ಗೆಯೂ ಕೇಳಿದ್ದೀರಿ. ಆ ಬಗ್ಗೆ ನಿಮ್ಮ ಮನೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು. ಸೇರುವ ಮೊದಲು ಚಿಪ್ ವಿನ್ಯಾಸದ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಲೇ ಎಂದಿದ್ದೀರಿ, ಬೇಡ. ಆ ಹಣ ಉಳಿಸಿಕೊಳ್ಳಿ. ನಿಮ್ಮ ಹತ್ತಿರದ ಕ್ಲೀನ್‌ರೂಮಿನಲ್ಲಿ ಒಂದು ತಿಂಗಳು ನಿಲ್ಲಲು ಅನುಮತಿ ಕೇಳಿ. ವೇಫರನ್ನು ನಿಮ್ಮ ಕೈಯಿಂದಲೇ ಹಿಡಿಯಿರಿ. ಅಲ್ಲಿನ ತಂತ್ರಜ್ಞರೊಂದಿಗೆ ಕ್ಯಾಂಟೀನಿನಲ್ಲಿ ಕೂತು ಕಾಫಿ ಕುಡಿಯಿರಿ, ನೀವು ಮಾಡುವುದರಲ್ಲಿ ಅವರಿಗೆ ವಿಚಿತ್ರವಾಗಿ ಕಂಡದ್ದೇನು ಎಂದು ನೀವೇ ಬಾಯಿಬಿಟ್ಟು ಕೇಳಿ. ಅವರಾಗಿಯೇ ಹೇಳುವುದಿಲ್ಲ. ಎಸ್‌ಪಿಐಇ ಎಂಬ ದ್ಯುತಿವಿಜ್ಞಾನ ಸಂಘದ ಲಿಥೊಗ್ರಫಿ ಸಮ್ಮೇಳನದ ಹಳೆಯ ಸಂಪುಟಗಳನ್ನು ಓದಿ, ಮುಖ್ಯವಾಗಿ ಏನು ಕೆಟ್ಟಿತು ಎಂದು ಬರೆದಿರುವ ಲೇಖನಗಳನ್ನು. ಪುಸ್ತಕದಲ್ಲಿ ಹತ್ತನೆಯ ಖಾನೆ ಹಾಕಿ. ವೇಫರುಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ನಿಮ್ಮ ಆಸೆಯ ಕ್ರಮದಲ್ಲಿ ಇಡಬೇಡಿ.

ಸಂದರ್ಶನಕ್ಕೆ ಹೋದಾಗ ಒಂದು ಪ್ರಶ್ನೆಯನ್ನು ನೀವು ಅವರಿಗೆ ಕೇಳಿ: ನಾನು ಮಾಡಿದ ರೆಸಿಸ್ಟನ್ನು ನಾನೇ ಒಳಗೆ ಹೋಗಿ ವೇಫರಿಗೆ ಹಚ್ಚಿ, ಬೆಳಕು ಕೊಟ್ಟು, ಕಾಯಿಸಿ ನೋಡಬಹುದೇ, ಅಥವಾ ಬಾಟಲಿಯನ್ನು ಬಾಗಿಲಲ್ಲಿ ಕೊಟ್ಟು ಬರಬೇಕೇ? ಒಳಗೆ ಬನ್ನಿ ಎಂದರೆ ಎರಡನೆಯ ಯೋಚನೆಯಿಲ್ಲದೆ ಸೇರಿಕೊಳ್ಳಿ. ಬಾಗಿಲಲ್ಲಿ ಕೊಡಿ ಎಂದರೆ ಸಂಬಳ ಎಷ್ಟೇ ಇರಲಿ, ಒಪ್ಪಿಕೊಳ್ಳಬೇಡಿ.